ತಣ್ಣೀರಿನಂಥ ಹುಡುಗ

ಬುಧವಾರವನ್ನು ಭಾನುವಾರ ಮಾಡಿದ್ದಕ್ಕೆ ನನಗೆ ಹುಚ್ಚ ಎಂದು ಹೆಸರು ಬಂತು. ಅದೇ ಕೆಲಸವನ್ನು ಸರ್ಕಾರ ಮಾಡಿದರೆ ರಜೆ ಎನ್ನುತ್ತಾರೆ.

ನಡೆದದ್ದು ಇಷ್ಟು. ಪೀಣ್ಯದಲ್ಲಿ ನಾನು ಲೇತ್ ಓಡಿಸುವ ಕಾರ್ಖಾನೆಯ ಮಾಡಿನ ಮೇಲೆ ಒಂದು ಸೈರನ್ ಇದೆ. ಅಕ್ಕಪಕ್ಕದ ಸಣ್ಣ ಶೆಡ್ಡುಗಳಿಗೆ ಸೈರನ್ ಇಲ್ಲ. ಅವರು ನಮ್ಮದನ್ನು ಕೇಳಿಯೇ ಕೆಲಸಕ್ಕೆ ಕೂರುತ್ತಾರೆ, ನಮ್ಮದನ್ನು ಕೇಳಿಯೇ ಏಳುತ್ತಾರೆ. ಗೋಡೆ ಗಡಿಯಾರ ಏನು ಹೇಳಿದರೂ ಅವರಿಗೆ ಲೆಕ್ಕವಿಲ್ಲ. ಸೈರನ್ ಕೂಗಿತೆಂದರೆ ಸೀಮೆಎಣ್ಣೆಯಲ್ಲಿ ಕೈ ತೊಳೆದು ಹೊರಡುವುದು, ಅಷ್ಟೆ. ಎಂಬತ್ತೆರಡನೇ ಇಸವಿಯ ಆ ಬುಧವಾರ ಬೆಳಿಗ್ಗೆ, ಇನ್ನೂ ಟೀ ಹೊತ್ತೂ ಆಗಿರಲಿಲ್ಲ, ಎಲ್ಲರೂ ಬಹಳ ದಣಿದಿದ್ದಾರೆ ಎಂದು ನನಗೆ ಹೊಳೆಯಿತು. ನನಗೊಬ್ಬನಿಗೇ ದಣಿವಿರಲಿಲ್ಲ. ಎಷ್ಟೋ ರಾತ್ರಿಗಳಿಂದ ನಿದ್ದೆ ಮಾಡಿರಲಿಲ್ಲ, ಬೇಕು ಅಂತಲೂ ಅನ್ನಿಸಿರಲಿಲ್ಲ. ಹೋಗಿ ಸೈರನ್ ಒತ್ತಿದೆ. ಒತ್ತಿದ ಕೈ ತೆಗೆಯಲಿಲ್ಲ. ಆಮೇಲೆ ಗೇಟಿನ ಬಳಿ ಎಣ್ಣೆ ಡ್ರಮ್ಮಿನ ಮೇಲೆ ಹತ್ತಿ, ಈ ಕ್ಷಣದಿಂದ ಭಾನುವಾರ, ಎಲ್ಲರೂ ಮನೆಗೆ ಹೋಗಿ, ಕೋಳಿ ಇರುವವರು ಕೋಳಿ ಕುಯ್ಯಿರಿ ಎಂದು ಸಾರಿದೆ.

ಜನ ಹೋದರು! ಅದೇ ಸೊಗಸು. ಮೂರು ಶೆಡ್ಡು ಖಾಲಿಯಾದವು. ದಾಸರಹಳ್ಳಿಯ ಕ್ಷೌರದ ಅಂಗಡಿಯ ಮುಂದೆ ಸಾಲು ನಿಂತಿತಂತೆ. ಮಾಲೀಕರು ಬರುವ ಹೊತ್ತಿಗೆ ನಾನು ಮಾಡಿನ ಮೇಲೆ ಕೂತು ಗುರುವಾರವನ್ನು ಏನು ಮಾಡಬಹುದೆಂದು ಯೋಚಿಸುತ್ತಿದ್ದೆ.

ನನ್ನ ಹೆಸರು ಚಿಕ್ಕಬೈರಪ್ಪ. ಚೊಕ್ಕಸಂದ್ರದವನು. ನಾವು ಪೀಣ್ಯಕ್ಕೆ ಹೋದವರಲ್ಲ, ಪೀಣ್ಯವೇ ನಮ್ಮ ಹೊಲಕ್ಕೆ ಬಂತು. ಅಪ್ಪ ಇದ್ದಾಗಲೇ ಜಮೀನಿನ ಬಹುಪಾಲು ಹೋಗಿ, ಉಳಿದದ್ದರಲ್ಲಿ ಅವ್ವ ಸಾಲಾಗಿ ಶೀಟಿನ ಮನೆಗಳನ್ನು ಕಟ್ಟಿಸಿದಳು. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಫಿಟ್ಟರುಗಳು, ವೆಲ್ಡರುಗಳು, ಅವರ ಹೆಂಡತಿಯರು, ಅವರ ಒಗೆದ ಬಟ್ಟೆ. ಬಾಡಿಗೆಯವರ ಮಧ್ಯೆ ಬೆಳೆದ ನನಗೆ ನನ್ನ ತಲೆಯ ವಿಚಾರವನ್ನೂ ಬಾಡಿಗೆಯ ಭಾಷೆಯಲ್ಲೇ ಹೇಳಲು ಬರುವುದು.

ನನ್ನ ತಲೆಯಲ್ಲಿ ಇಬ್ಬರಿದ್ದಾರೆ. ಒಬ್ಬ ನಾನು ಕಣ್ಣು ಬಿಡುವ ಮೊದಲೇ ಬಂದು ಸೇರಿಕೊಂಡವನು. ಇವನಿಗೆ ಒಂದು ಕಡೆ ಕೂರಲು ಬಾರದು. ನಲ್ಲಿ ತಿರುಗಿಸಿ ಬಿಂದಿಗೆ ಇಡುವುದನ್ನು ಮರೆಯುತ್ತಾನೆ. ಸೈಕಲ್ಲಿನಲ್ಲಿ ಜಾಲಹಳ್ಳಿ ಕ್ರಾಸಿಗೆ ಹೋಗಿ ಬಸ್ಸಿನಲ್ಲಿ ಮನೆಗೆ ಬರುತ್ತಾನೆ. ಇನ್ನೊಬ್ಬರು ಮಾತು ಮುಗಿಸುವುದಕ್ಕೆ ಕಾಯುವ ತಾಳ್ಮೆ ಇವನಿಗಿಲ್ಲ. ತಾನೇ ಮುಗಿಸಿಬಿಡುತ್ತಾನೆ, ತಪ್ಪಾಗಿ. ಲೇತಿನ ಮುಂದೆ ನಿಂತಾಗ ಮಾತ್ರ, ಉಕ್ಕಿನ ಸಿಪ್ಪೆ ಸುರುಳಿ ಸುರುಳಿಯಾಗಿ ಏಳುವುದನ್ನು ನೋಡುತ್ತಾ ಸನ್ಯಾಸಿಯಾಗಿಬಿಡುತ್ತಾನೆ. ಆಗ ಪಕ್ಕದಲ್ಲಿ ಪಟಾಕಿ ಹೊಡೆದರೂ ಕೇಳಿಸದು. ಇವನು ಬಿಟ್ಟು ಹೋಗುವವನಲ್ಲ. ಮನೆಯ ತೊಲೆಗಳಲ್ಲಿ ಒಂದಾಗಿದ್ದಾನೆ.

ಇನ್ನೊಬ್ಬ ಯಾವಾಗಲೋ ಬರುತ್ತಾನೆ, ಬ್ಯಾಂಡ್‌ಸೆಟ್ ಸಮೇತ. ಬಂದವನೇ ನಿದ್ದೆಯನ್ನು ಹೊರಗೆ ಹಾಕುತ್ತಾನೆ. ನೀನು ಲೇತ್ ಓಡಿಸುವವನಲ್ಲ, ಲೋಕ ಓಡಿಸುವವನು ಎನ್ನುತ್ತಾನೆ. ಸೈರನ್ ಒತ್ತಿದ್ದು ಇವನ ಕೈ. ಹೋಗುವಾಗ ಸುಮ್ಮನೆ ಹೋಗುವುದಿಲ್ಲ, ಮನೆಯ ಬಲ್ಬುಗಳನ್ನೆಲ್ಲ ಬಿಚ್ಚಿಕೊಂಡು ಹೋಗುತ್ತಾನೆ. ಆಮೇಲೆ ತಿಂಗಳುಗಟ್ಟಲೆ ಕತ್ತಲೆ. ಹಿಂದಿನ ವರ್ಷ ಹಾಗೆ ಗೋಡೆಗೆ ಮುಖ ಮಾಡಿ ಮಲಗಿದ್ದೆ. ಬೀಗರು ಬಂದು ಕೇಳಿದಾಗ ಅವ್ವ ಕಾಮಾಲೆ ಎಂದಳು. ಹೇಳಿದ ಮೇಲೆ ನಡೆಸಬೇಕಲ್ಲ? ದಿನಾ ಬೆಳಿಗ್ಗೆ ನೆಲನೆಲ್ಲಿ ಅರೆದು ಕುಡಿಸಿದಳು. ಬದುಕುವುದಕ್ಕೇ ಮನಸ್ಸಿಲ್ಲದವನಿಗೆ ನೆಲನೆಲ್ಲಿ ಕುಡಿಯುವುದಿಲ್ಲ ಎನ್ನಲು ಮನಸ್ಸಾದರೂ ಎಲ್ಲಿಂದ ಬರಬೇಕು? ಕುಡಿದೆ.

ಭಾನುವಾರವಾಗಿದ್ದ ಆ ಬುಧವಾರ ಸಂಜೆ ನನ್ನನ್ನು ಮಲ್ಲೇಶ್ವರದ ಕಡೆಯ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದರು. ಸೇರಿಸಿದವರಲ್ಲಿ ನನ್ನ ಮಾವ ಸೊಣ್ಣಪ್ಪನೂ ಇದ್ದ. ಸುದ್ದಿ ಕೇಳಿ ವರ್ತೂರಿನಿಂದ ಎರಡು ಬಸ್ಸು ಬದಲಾಯಿಸಿ ಬಂದಿದ್ದ. ಕೆರೆಯ ಕೆಳಗೆ ತರಕಾರಿ ಬೆಳೆಯುವ ಮನುಷ್ಯ. ಎಂಥ ಗಾಬರಿಯಲ್ಲೂ ಬರಿಗೈಲಿ ಬರುವವನಲ್ಲ. ಅಳಿಯನಿಗೆ ಹುಚ್ಚು ಹಿಡಿದಿದೆ ಎಂದು ಕೇಳಿ ಒಂದು ಚೀಲ ಬದನೆಕಾಯಿ ತಂದಿದ್ದ. ಅದನ್ನು ಆಸ್ಪತ್ರೆಯ ಬೇವಿನ ಮರದ ಕೆಳಗಿಟ್ಟು ನಮ್ಮವ್ವ ಪಿಳ್ಳಮ್ಮನಿಗೆ ಹೇಳಿದನಂತೆ:

"ನೋಡಿ ಬೀಗ್ತಿ, ಇದು ನಡುವೆ ಬಂದ ಕಾಯ್ಲೆ ಆದ್ರೆ ಯಾರ್ ಮನೇಗಾದ್ರೂ ಬತ್ತದೆ. ನಾನೂ ಜತೇಲಿರ್ತೀನಿ. ಆದ್ರೆ ಉಟ್ಟಿದಾಗಿಂದ ಇದ್ದಿದ್ದ ಮುಚ್ಚಿಟ್ಟು ನಮ್ ಎಣ್ಣು ತಂದ್ಕೊಂಡಿದ್ರೆ ಮಾತ್ರ, ನನ್ ಮಗಳ್ನ ವರ್ತೂರ್ಗೆ ಕರ್ಕೊಂಡೋಯ್ತೀನಿ. ಆಮೇಲೆ ಪಂಚಾಯ್ತಿ."

"ಸಿವಸಿವಾ! ಎಂಥಾ ಮಾತು ಅಂತ ಆಡ್ತೀರಿ ಬೀಗ್ರೇ," ಎಂದಳಂತೆ ಅವ್ವ. "ನನ್ ಮಗ ತಣ್ಣೀರಿನಂಥ ಉಡ್ಗ. ನಿಮ್ ಕಣ್ಣಲ್ಲೇ ನೋಡಿಲ್ವಾ?"

ನೋಡಿದ್ದ. ಅದೇ ತೊಂದರೆ.

ಆರು ವರ್ಷದ ಹಿಂದೆ ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಬರುವ ದಿನ, ಅವ್ವ ಬೆಳಿಗ್ಗೆಯಿಂದ ನನ್ನನ್ನು ಹೇಗೆ ಕೂರಿಸುವುದೆಂಬ ಚಿಂತೆಯಲ್ಲಿದ್ದಳು. ಬೈದು ಕೂರಿಸಿದರೆ ಅಲ್ಲಾಡುತ್ತೇನೆ, ಬೇಡಿಕೊಂಡರೆ ಮಾತಾಡುತ್ತೇನೆ. ಕೊನೆಗೆ ನನ್ನ ಅಕ್ಕನ ಕೂಸನ್ನು, ಹೊಟ್ಟೆ ತುಂಬ ಹಾಲು ಕುಡಿದು ನಿದ್ದೆ ಹೋಗಿದ್ದ ಕೂಸನ್ನು, ತಂದು ನನ್ನ ತೊಡೆಯ ಮೇಲೆ ಮಲಗಿಸಿದಳು. "ನೀನ್ ಎದ್ರೆ ಮಗ ಎದ್ದೇಳ್ತದೆ, ಮಾತಾಡುದ್ರೂ ಎದ್ದೇಳ್ತದೆ. ಮಗ ಎದ್ರೆ ನೀನೇ ಮಲಗ್ಸಬೇಕು," ಎಂದಳು. ಲೋಕದಲ್ಲಿ ನಾನು ಹೆದರುವ ಒಂದೇ ವಸ್ತು ಅಳುವ ಮಗು. ಸೊಣ್ಣಪ್ಪ ಮತ್ತು ಅವನ ಕಡೆಯವರು ಬಂದರು, ತಿಂಡಿ ತಿಂದರು, ಶೀಟಿನ ಮನೆಗಳನ್ನು ಎಣಿಸಿದರು. ಅಷ್ಟು ಹೊತ್ತೂ ನಾನು ಕೂಸಿನ ಮುಖ ನೋಡುತ್ತಾ, ತುಟಿ ಬಿಚ್ಚದೆ, ಮರಗಟ್ಟಿದ ತೊಡೆಯನ್ನು ಶಪಿಸುತ್ತಾ ಕೂತಿದ್ದೆ. "ಏನ್ ಸಾಂತ, ಏನ್ ಸಾಂತ! ಮಕ್ಳು ಅಂದ್ರೆ ಎಷ್ಟು ಪಿರೂತಿ!" ಎಂದು ಸೊಣ್ಣಪ್ಪ ವರ್ತೂರಿನ ತನಕ ಹೇಳಿಕೊಂಡು ಹೋದ. ಈಶ್ವರಮ್ಮ ನನ್ನ ಹೆಂಡತಿಯಾಗಿ ಬಂದಳು. ಬಂದ ಮಾರನೆಯ ದಿನವೇ ನಾನು ನಲ್ಲಿ ತಿರುಗಿಸಿ ಬಿಟ್ಟು ಮನೆಯೆಲ್ಲ ನೀರಾದಾಗ ಸೀರೆ ಎತ್ತಿ ಕಟ್ಟಿ ಗುಡಿಸುತ್ತಾ, "ಆವತ್ತು ಆ ಮಗೂಗೆ ಏನ್ ಕುಡಿಸಿದ್ರಿ?" ಎಂದು ಕೇಳಿದಳು. ಅವಳಿಗೆ ಅಷ್ಟು ಬೇಗ ತಿಳಿಯಿತು. ಅವಳಪ್ಪನಿಗೆ ಆರು ವರ್ಷವಾದರೂ ತಿಳಿದಿರಲಿಲ್ಲ. ನಾವು ವರ್ತೂರಿಗೆ ಹೋದಾಗಲೆಲ್ಲ ಅವಳು ನನ್ನನ್ನು ಸೀದಾ ತೋಟಕ್ಕೆ ಅಟ್ಟಿಬಿಡುತ್ತಿದ್ದಳು. ತೋಟದಲ್ಲಿ ಓಡಾಡುವವನು ಕೆಲಸಗಾರನ ಹಾಗೆ ಕಾಣುತ್ತಾನೆ.

ನರ್ಸಿಂಗ್ ಹೋಮಿನ ಡಾಕ್ಟರು ಒಳ್ಳೆಯ ಮನುಷ್ಯ. ದಪ್ಪ ಕನ್ನಡಕ, ಮೆತ್ತಗಿನ ಮಾತು. ಮೊದಲು ಚುಚ್ಚಿ ಮಲಗಿಸಿದರು. ಆಮೇಲೆ ದೊಡ್ಡ ಬಿಳಿ ಗುಳಿಗೆ ಕೊಟ್ಟರು. ಲಿಥಿಯಂ ಅಂತ, ಒಂದು ಥರದ ಉಪ್ಪು ಎಂದು ವಿವರಿಸಿದರು.

"ಉಪ್ಪಾದ್ರೆ ಮನೇಲೇ ಅದಲ್ಲ ಸೋಮಿ," ಎಂದಳು ಅವ್ವ. "ಮುದ್ದೆಗೇ ಒಸಿ ಜಾಸ್ತಿ ಆಕಿದ್ರೆ ಆಗಾಕಿಲ್ವಾ?"

ಆ ಉಪ್ಪು ಕೆಲಸ ಮಾಡಿತು. ಅದರ ಋಣ ನಾನು ಮರೆಯುವುದಿಲ್ಲ. ಬ್ಯಾಂಡ್‌ಸೆಟ್ಟಿನವನು ಒಂದು ಬೆಳಿಗ್ಗೆ ಕಾಣಲಿಲ್ಲ. ಬಾಯಾರಿಕೆ, ಬಾಯಲ್ಲಿ ಕಬ್ಬಿಣದ ರುಚಿ, ಅಷ್ಟೇ ಉಳಿಯಿತು. ಕಬ್ಬಿಣದ ರುಚಿ ಪೀಣ್ಯದವನಿಗೆ ಹೊಸದೇನಲ್ಲ. ರಾತ್ರಿ ನಿದ್ದೆ ಬಂತು, ವಾರದ ದಿನಗಳು ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂತವು. ಮನೆಗೆ ಕಳಿಸಿದರು. ಆಗಾಗ ಬಂದು ತೋರಿಸಿಕೊಂಡು ಹೋಗಿ ಎಂದರು.

ಮೊದಲ ಸಲ ತೋರಿಸಲು ಹೋದಾಗ ಡಾಕ್ಟರ ಮೇಜಿನ ಮೇಲಿದ್ದ ಕಾಗದದ ಭಾರವನ್ನು, ಆ ಗಾಜಿನ ಗುಂಡನ್ನು, ಮುಟ್ಟಿದೆ, ತಿರುಗಿಸಿದೆ, ಅವರು ಕೇಳುವ ಮೊದಲೇ ಉತ್ತರ ಹೇಳಿದೆ, ನಡುವೆ ಎದ್ದು ಹೋಗಿ ಕಿಟಕಿಯಲ್ಲಿ ನೋಡಿ ಬಂದೆ. ಹಳೆಯ ಬಾಡಿಗೆದಾರ ಮನೆಯಲ್ಲೇ ಇದ್ದನಲ್ಲ, ಅವನೇ. ಡಾಕ್ಟರು ಅವ್ವನ ಕಡೆ ತಿರುಗಿದರು.

"ಕಾಯಿಲೆಗೆ ಮುಂಚೆ ಹೇಗಿದ್ರಮ್ಮ ಇವರು? ಈಗ ಮೊದಲಿನ ಥರಾ ಆಗಿದಾರಾ?"

ಪಕ್ಕದಲ್ಲಿ ಸೊಣ್ಣಪ್ಪ ಕೂತಿದ್ದ. ಅವ್ವ ಅವನನ್ನೊಮ್ಮೆ ನೋಡಿದಳು.

"ಇಲ್ಲ ಸೋಮಿ. ಮುಂಚೆ ತಣ್ಣೀರಿನಂಗಿದ್ದ. ಕುಂತ ಕಡೆ ಕುಂತಿರಾನು. ಬಾಯಲ್ಲಿ ಮಾತೇ ಇರಾಕಿಲ್ಲ."

"ಔದು ಸಾ," ಎಂದ ಸೊಣ್ಣಪ್ಪ. "ನಾನೇ ಕಣ್ಣಾರೆ ಕಂಡಿವ್ನಿ."

"ಹಾಗಾದ್ರೆ ಇನ್ನೂ ಪೂರ್ತಿ ಇಳಿದಿಲ್ಲ," ಎಂದು ಡಾಕ್ಟರು ಇನ್ನೊಂದು ಗುಳಿಗೆ ಸೇರಿಸಿದರು. ಸಣ್ಣದು, ಕಡಲೆಬೇಳೆಯಷ್ಟು. ಮೈ ಮನಸ್ಸು ಶಾಂತವಾಗಲಿಕ್ಕೆ. ಮುಂದಿನ ಸಲ ಹೋದಾಗ ನಾನು ಕಾಗದದ ಭಾರವನ್ನು ಮತ್ತೆ ತಿರುಗಿಸಿದೆ. ಅವ್ವ ಮತ್ತೆ ತಣ್ಣೀರು ಎಂದಳು. ಕಡಲೆಬೇಳೆ ಎರಡಾಯಿತು. ಆಮೇಲೆ ಇನ್ನೂ ಹೆಚ್ಚಿತು.

ಡಾಕ್ಟರದು ತಪ್ಪೆನ್ನುವ ಹಾಗಿಲ್ಲ. ದಾರಿ ತಪ್ಪಿದ ಹಸುವನ್ನು ಹುಡುಕಿ ಕೊಟ್ಟಿಗೆಗೆ ತರಲು ಹೊರಟವರಿಗೆ, ಮನೆಯವರು ಇಲ್ಲದ ಹಸುವಿನ ಗುರುತು ಹೇಳಿದ್ದರು. ಅವರು ಹುಡುಕುತ್ತಲೇ ಇದ್ದರು. ನಾನೇ ನಿಜ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಹೇಳಿದೆ! "ಸಾರ್, ನಾನು ಹುಟ್ಟಿದಾಗಿಂದ ಹಿಂಗೇ, ತಣ್ಣೀರು ಗಿಣ್ಣೀರು ಏನೂ ಇಲ್ಲ, ಅವತ್ತು ಒಂದು ಮಗು ಇತ್ತು ಸಾರ್, ತೊಡೆ ಮೇಲೆ, ಅಕ್ಕಂದು, ಹಾಲು ಕುಡಿದಿತ್ತು—" ಎಂದು ಒಂದೇ ಉಸಿರಿಗೆ ಹೇಳಿದೆ. ಡಾಕ್ಟರು ಕರುಣೆಯಿಂದ ತಲೆಯಾಡಿಸಿ, ಮಾತು ಇನ್ನೂ ಜಾಸ್ತಿ ಇದೆ, ಒಂದಕ್ಕೊಂದು ಸಂಬಂಧವಿಲ್ಲ ಎಂದು ಬರೆದುಕೊಂಡರು. ಹುಚ್ಚನೆಂದು ಹೆಸರಾದವನಿಗೆ ಇದೊಂದು ಅನುಕೂಲ: ನಿಜವನ್ನು ಎಷ್ಟು ಬೇಕಾದರೂ ಹೇಳಬಹುದು, ಗುಳಿಗೆ ಮಾತ್ರ ಹೆಚ್ಚಾಗುತ್ತದೆ.

ಸಣ್ಣ ಗುಳಿಗೆ ನನ್ನನ್ನು ಕೊನೆಗೂ ಕೂರಿಸಿತು. ಕಾಲು ಹಗ್ಗ ಕಟ್ಟಿದ ಹಾಗೆ. ಮುಖ ಸುಣ್ಣ ಬಳಿದ ಗೋಡೆಯ ಹಾಗೆ. ಬಾಯಿಯ ಮೂಲೆಯಲ್ಲಿ ಜೊಲ್ಲು. ಒಳಗಿನವನು ಮಾತ್ರ ಓಡುವುದನ್ನು ಬಿಡಲಿಲ್ಲ. ಬೀಗ ಹಾಕಿದ ಮನೆಯೊಳಗೆ ಗೋಡೆಯಿಂದ ಗೋಡೆಗೆ ಓಡುತ್ತಿದ್ದ. ಎಲ್ಲಕ್ಕಿಂತ ಕೆಟ್ಟದ್ದು ಕೈ. ಲೋಟ ಎತ್ತಿದರೆ ನೀರು ತುಳುಕುತ್ತಿತ್ತು. ಅವ್ವ ಮಾತ್ರ ಸಂತೋಷದಲ್ಲಿದ್ದಳು. "ನೋಡಿ ಬೀಗ್ರೇ, ಎಂಗ್ ಕುಂತವ್ನೆ! ಮೊದಲಿನಂಗೇ ಆಗ್ತಾವ್ನೆ," ಎಂದು ತೋರಿಸಿದಳು. ಮೊದಲ ಬಾರಿಗೆ ಅವಳ ಸುಳ್ಳು ನಿಜವಾಗುತ್ತಾ ಬಂದಿತ್ತು.

ಒಂದು ಸಂಜೆ ಕಾರ್ಖಾನೆಯ ಫೋರ್‌ಮನ್ ದಾಸಪ್ಪ ಬಂದ. ನನಗಿಂತ ಹಿರಿಯ, ನನಗೆ ಲೇತ್ ಕಲಿಸಿದವನು, ಬೈಗುಳವನ್ನೂ ಕಲಿಸಿದವನು. ಪಂಚೆಯ ಮಡಿಲಿನಿಂದ ಒಂದು ಉಕ್ಕಿನ ತುಂಡು ತೆಗೆದ.

"ಹಿಡ್ಕೋ ಮಗಾ. ಅಳತೆ ತಗಿ."

ಅವನು ಕೊಟ್ಟ ಮೈಕ್ರೋಮೀಟರನ್ನು ಹಿಡಿದೆ. ಅದು ತುಂಡಿಗೆ ತಾಗಿ ಟಿಕಟಿಕ ಸದ್ದು ಮಾಡಿತು. ನಿಲ್ಲಿಸಲು ನೋಡಿದೆ, ಇನ್ನೂ ಜೋರಾಯಿತು. ದಾಸಪ್ಪ ಎರಡನ್ನೂ ಮೆಲ್ಲಗೆ ವಾಪಸ್ ತೆಗೆದುಕೊಂಡ.

"ಓನರ್ ಸೈರನ್ ವಿಚಾರ ಮರೀತೀನಿ ಅಂದವ್ರೆ ಗುರು. ಅವ್ರೂ ಅವತ್ತು ಮನೇಗ್ ಹೋಗಿ ಮಲಗಿದ್ರಂತೆ, ಸುಖವಾಗಿತ್ತಂತೆ. ಆದ್ರೆ ಈ ಕೈ ಮರೆಯಕ್ಕಾಗಲ್ಲ. ಈ ಕೈನ ನಾನು ಲೇತಲ್ಲಿ ತಿರುಗೋ ಚಕ್ಕಿನ ಹತ್ರ ಬಿಟ್ರೆ ಸಂಜೆಗೆ ಬೆರಳು ಹುಡುಕ್ಬೇಕಾಗ್ತದೆ. ಇನ್ನೊಂದ್ ಸ್ವಲ್ಪ ದಿನ ನೋಡ್ತಾರೆ. ಆಮೇಲೆ ಬೇರೆಯವ್ರನ್ನ ಹಾಕ್ತಾರೆ."

ಅವನು ಹೋದ ಮೇಲೆ ಈಶ್ವರಮ್ಮ ಬಾಗಿಲ ಬಳಿ ಸೊಪ್ಪು ಬಿಡಿಸುತ್ತಾ ಕೂತಳು. ಅವಳ ಸಿಟ್ಟು ಸೊಪ್ಪಿನ ದಂಟು ಮುರಿಯುವ ಸದ್ದಿನಲ್ಲಿ ಗೊತ್ತಾಗುತ್ತಿತ್ತು.

"ನಿಜ ಗೊತ್ತಾದ್ರೆ ನಿಮ್ಮಪ್ಪ ನಿನ್ನ ಕರ್ಕೊಂಡು ಹೋಗ್ತಾರೆ," ಎಂದೆ. ನಾಲಿಗೆ ದಪ್ಪವಾಗಿ ಮಾತು ಮುದ್ದೆಯಾಗಿ ಬಂತು.

"ಗೊತ್ತಾಗದಿದ್ರೆ ಆ ಡಾಕ್ಟರು ನಿಮ್ಮನ್ನ ಕಲ್ಲು ಮಾಡ್ತಾರೆ. ಕಲ್ಲಿನ ಜೊತೆ ಇರೋ ಹಾಗಿದ್ರೆ ನಾನು ಗುಡಿಯಲ್ಲೇ ಕಸ ಗುಡಿಸ್ಕೊಂಡು ಇರಬೋದಿತ್ತು, ಪ್ರಸಾದನಾದ್ರೂ ಸಿಗೋದು."

"ನೀನೇ ಹೇಳು ಡಾಕ್ಟರಿಗೆ."

"ನಾನ್ ಹೇಳಿದ್ರೆ ನಿಮ್ಮವ್ವ ಸೊಸೆ ಮಾತು ಸುಳ್ಳು ಅಂತಾರೆ. ಸೊಸೆ ಬಂದಿದ್ದು ಆಮೇಲೆ ತಾನೇ? ಹುಟ್ಟಿದಾಗಿನ ವಿಚಾರ ಹೆತ್ತೋರ ಬಾಯಿಂದಲೇ ಬರಬೇಕು." ಅವಳು ಅಂಗಳದ ಕಡೆ ನೋಡಿದಳು. ಅಲ್ಲಿ ನಮ್ಮ ಮಗಳು ಭದ್ರಿ, ನಮ್ಮಜ್ಜಿ ಭದ್ರಮ್ಮನ ಹೆಸರಿನವಳು, ನಾಲ್ಕು ವರ್ಷದವಳು, ವೆಲ್ಡರನ ಮನೆಯ ಕೋಳಿಯನ್ನು ನಮ್ಮ ಬಿಂದಿಗೆಯೊಳಗೆ ಇಳಿಸಲು ನೋಡುತ್ತಿದ್ದಳು. ಕೋಳಿ ಒಪ್ಪಿರಲಿಲ್ಲ. "ಈ ಸಲ ಆಸ್ಪತ್ರೆಗೆ ಇವಳನ್ನೂ ಕರ್ಕೊಂಡು ಹೋಗೋಣ," ಎಂದಳು ಈಶ್ವರಮ್ಮ.

ಭದ್ರಿಯನ್ನು ನಾವು ಎಲ್ಲಿಗೂ ಕರೆದೊಯ್ಯುತ್ತಿರಲಿಲ್ಲ. ಹೊರಗೆ ಹೋಗುವಾಗ ವಠಾರದ ಹೆಂಗಸರಿಗೆ ಸರದಿಯ ಮೇಲೆ ಒಪ್ಪಿಸುತ್ತಿದ್ದೆವು. ಒಬ್ಬರೇ ಪೂರ್ತಿ ಹೊತ್ತು ತಡೆಯುವುದು ಆಗದ ಮಾತು. ಆ ಮುಂಜಾನೆ ಈಶ್ವರಮ್ಮ ಅವಳಿಗೆ ಎಣ್ಣೆ ಹಚ್ಚಿ ಜಡೆ ಹಾಕಿ, ಕೈಗೊಂದು ದೊಡ್ಡ ಬೆಲ್ಲದ ಉಂಡೆ ಕೊಟ್ಟಳು. ಬೆಂಕಿಗೆ ಸೀಮೆಎಣ್ಣೆ ಹಾಕುವವರ ಮುಖದಲ್ಲಿ ಇರುವ ಶಾಂತಿ ಅವಳ ಮುಖದಲ್ಲಿತ್ತು.

ಡಾಕ್ಟರ ಕೋಣೆಗೆ ಹೋಗಿ ಕೂತೆವು: ನಾನು, ಈಶ್ವರಮ್ಮ, ಅವ್ವ, ಈ ಸಲ ಹುರುಳಿಕಾಯಿ ತಂದಿದ್ದ ಸೊಣ್ಣಪ್ಪ. ಭದ್ರಿ ಕೂರಲಿಲ್ಲ. ತೂಕದ ಯಂತ್ರ ಹತ್ತಿ ಕುಣಿದಳು. ಮುಳ್ಳು ಹೆದರಿ ಆ ಕಡೆ ಈ ಕಡೆ ಓಡಿತು. ಫ್ಯಾನಿನ ಸ್ವಿಚ್ಚು ಆರಿಸಿದಳು, ಹಾಕಿದಳು, ಆರಿಸಿದಳು. ಮೇಜಿನ ಕೆಳಗೆ ಹೋಗಿ ಡಾಕ್ಟರ ಕಾಲ ಬಳಿ ಎದ್ದಳು. "ನಿನ್ ಕನ್ನಡ್ಕ ಯಾಕೆ ಸೀಸದ ತಳ ಇದ್ದಂಗೈತೆ?" ಎಂದು ಕೇಳಿ, ಉತ್ತರ ಬರುವ ಮೊದಲೇ ಕಾಗದದ ಭಾರವನ್ನು ತಿರುಗಿಸಿದಳು. ನಾನು ತಿರುಗಿಸುತ್ತಿದ್ದ ಹಾಗೆಯೇ, ಎಡಗೈಯಿಂದ.

ಡಾಕ್ಟರು ನಕ್ಕರು. "ಮಗು ಯಾವಾಗ್ಲೂ ಹೀಗೇನಾ? ಇಲ್ಲ ಇವತ್ತು ಮಾತ್ರಾನಾ?"

ಸೊಣ್ಣಪ್ಪ ಎದೆ ಉಬ್ಬಿಸಿದ. "ಉಟ್ಟಿದಾಗಿಂದ್ಲೂ ಇಂಗೇ ಸಾ! ಸಕ್ಕತ್ ಚುರುಕು. ಒಂದು ಗಳಿಗೆ ಕೂರಾಕಿಲ್ಲ. ನಮ್ ವರ್ತೂರ್ ಕಡೆ ರಕ್ತ ಅದು. ನಮ್ ತಾತನೂ ಇಂಗೇ ಇದ್ನಂತೆ."

ಅವ್ವ ಮಿಸುಕಿದಳು. ಈಶ್ವರಮ್ಮ ನೆಲ ನೋಡುತ್ತಾ ಮೆಲ್ಲಗೆ, "ಹೌದು ಸಾರ್. ಎಲ್ರೂ ಅದೇ ಅಂತಾರೆ. ಪೂರ್ತಿ ನಮ್ಮ ತಾಯಿಮನೆ ಕಡೆಯವಳು," ಎಂದಳು.

ಇದನ್ನು ಹೊಟ್ಟೆಗೆ ಹಾಕಿಕೊಳ್ಳುವುದು ಪಿಳ್ಳಮ್ಮನಿಂದ ಸಾಧ್ಯವೇ? ಹೊಲ ಹೋಯಿತು, ಗಂಡ ಹೋದ, ಮಗನ ಹೆಸರು ಹೋಯಿತು. ಈಗ ಮೊಮ್ಮಗಳನ್ನೂ ಬೀಗರು ಹೊತ್ತುಕೊಂಡು ಹೋಗುತ್ತಿದ್ದಾರೆ.

"ಏನಂದ್ರಿ ಬೀಗ್ರೇ? ನಿಮ್ ಕಡೇದಾ?" ಅವ್ವನ ದನಿ ಏರಿತು. "ಕಣ್ ಬಿಟ್ ನೋಡಿ! ಥೇಟು ಅವರಪ್ಪ! ಆ ಸ್ವಿಚ್ಚು ತಿರುವೋದು, ಆ ಮೇಜಿನ್ ಕೆಳಗ್ ನುಗ್ಗೋದು, ಎಲ್ಲಾ ನನ್ ಮಗಂದೇ! ಇವ್ಳೇನು ಮಹಾ. ಇವ್ನು ಇಷ್ಟಿದ್ದಾಗ ಸ್ಕೂಲಲ್ಲಿ ಮೇಷ್ಟ್ರು ಕೂರ್ಸಾಕಾಗ್ದೆ ಕಂಬಕ್ಕೆ ಕಟ್ಟಾಕಿದ್ರು, ಕಂಬಾನೇ ಅಲ್ಲಾಡ್ಸಿ ಎಂಚು ಬೀಳ್ಸವ್ನೆ! ಕಣದಲ್ಲಿ ಕಾವಲ್ ಕುಂಡ್ರುಸಿದ್ರೆ ಕಾಗೆ ಇಂದೆ ಓಡೋಗಿ ಎಗ್ಗನಹಳ್ಳಿ ಸೇರವ್ನೆ! ಮೀಸೆ ಬಂದ್ ಮ್ಯಾಲೂ ಒಂದ್ ದಿನಾನೂ ಪೂರ್ತಿ ಊಟ ಒಂದ್ ಕಡೆ ಕುಂತು ಉಂಡಿಲ್ಲ ಕಣ್ರೀ ನನ್ ಮಗ! ಇಲ್ಲೊಂದ್ ತುತ್ತು, ಬಾವಿ ತಾವ ಒಂದ್ ತುತ್ತು. ನಿಮ್ ತಾತ ಮಾಡಿದ್ನಾ ಅಂಗೆ?"

ಭದ್ರಿ ಆಗಲೇ ಫ್ಯಾನು ಆರಿಸಿದ್ದಳು. ಅವ್ವನ ಒಂದೊಂದು ಮಾತೂ ಸ್ಪಷ್ಟವಾಗಿ ಕೇಳಿಸಿತ್ತು.

ಡಾಕ್ಟರು ಪೆನ್ನು ಕೆಳಗಿಟ್ಟರು. "ಅಮ್ಮಾ, ತಣ್ಣೀರಿನ ಥರಾ ಇದ್ರು ಅಂದಿದ್ರಲ್ಲ?"

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬಂದದ್ದು ಬಂದಾಗಿತ್ತು. ಸೊಣ್ಣಪ್ಪ ನಿಧಾನವಾಗಿ ಅವಳ ಕಡೆ ತಿರುಗಿದ.

"ಮತ್ತೆ ಆವತ್ತು ಗಂಡ್ ನೋಡಾಕ್ ಬಂದಾಗ ಅಲ್ಲಾಡ್ದಂಗೆ ಕುಂತಿದ್ನಲ್ಲ ಬೀಗ್ತಿ?"

"ತೊಡೆ ಮ್ಯಾಲೆ ಕೂಸು ಮಲಗ್ಸಿದ್ದೆ," ಎಂದಳು ಅವ್ವ. ಆಮೇಲೆ ತಲೆ ಎತ್ತಿ, "ಸಾವ್ರ ಸುಳ್ಳೇಳಿ ಒಂದ್ ಮದ್ವೆ ಮಾಡು ಅಂದವ್ರೆ ದೊಡ್ಡೋರು. ನಾನೇಳಿದ್ದು ಒಂದೇ. ಅದ್ನೂ ಬಾಯ್ಬಿಟ್ ಏಳ್ಲಿಲ್ಲ," ಎಂದಳು.

ಸೊಣ್ಣಪ್ಪನ ಕುತ್ತಿಗೆಯ ನರ ಎದ್ದಿತು. ಹುರುಳಿಕಾಯಿ ಚೀಲಕ್ಕೆ ಕೈ ಹಾಕಿದ. ಹೊರಡುವ ಸೂಚನೆ ಅದು. ತಂದ ತರಕಾರಿಯನ್ನು ಅವನು ವಾಪಸ್ ಒಯ್ದದ್ದನ್ನು ನಾನು ಕಂಡಿರಲಿಲ್ಲ.

"ಒಂದು ನಿಮಿಷ," ಎಂದರು ಡಾಕ್ಟರು. ಯಜಮಾನರೇ ಎಂದು ಸೊಣ್ಣಪ್ಪನನ್ನು ಕೂರಿಸಿ, ನನ್ನ ಕಡೆ ತಿರುಗಿದರು. "ನೀವು ಹೇಳಿ. ನಿಧಾನವಾಗಿ. ಸೈರನ್ ಒತ್ತಿದ ವಾರ ಇದ್ದ ಹಾಗೆ ಚಿಕ್ಕಂದಿನಲ್ಲಿ ಇದ್ರಾ?"

"ಇಲ್ಲ ಸಾರ್. ಇದು ಬೇರೆ, ಅದು ಬೇರೆ," ಎಂದೆ. ದಪ್ಪ ನಾಲಿಗೆಯಿಂದ ನನ್ನ ಇಬ್ಬರು ಬಾಡಿಗೆದಾರರ ವಿಚಾರ ಹೇಳಿದೆ. ಒಬ್ಬ ದಿನಾ ಇರುವವನು, ಮರೆಯುವವನು, ಅಂಗಳದಲ್ಲಿ ಓಡಾಡುವವನು, ರಾತ್ರಿಯಾದರೆ ಎಲ್ಲರ ಹಾಗೆ ಮಲಗುವವನು. ಇನ್ನೊಬ್ಬ ಬಂದು ಹೋಗುವವನು, ನಿದ್ದೆಯನ್ನೇ ಓಡಿಸುವವನು, ಹೋಗುವಾಗ ಬಲ್ಬು ಕಿತ್ತೊಯ್ಯುವವನು. "ನೀವು ಕೊಟ್ಟ ಉಪ್ಪು ಬ್ಯಾಂಡ್‌ಸೆಟ್ಟಿನವನನ್ನ ಕಳಿಸ್ತು ಸಾರ್. ಈ ಸಣ್ಣ ಗುಳಿಗೆ ಮನೆಯವನನ್ನೇ ಕಳಿಸೋಕೆ ನೋಡ್ತಿದೆ. ಅವನು ಹೋದ್ರೆ ಲೇತ್ ಯಾರು ಓಡಿಸ್ತಾರೆ?" ಎಂದು ನನ್ನ ಎರಡೂ ಕೈಯನ್ನು ಮೇಜಿನ ಮೇಲಿಟ್ಟೆ. ಕಾಗದದ ಭಾರದ ಪಕ್ಕದಲ್ಲಿ ಅವು ತಮ್ಮಷ್ಟಕ್ಕೆ ತಾವೇ ನಡುಗುತ್ತಿದ್ದವು.

ಈ ಸಲ ಅವರು ಮಾತು ಜಾಸ್ತಿ ಎಂದು ಬರೆದುಕೊಳ್ಳಲಿಲ್ಲ. ಕನ್ನಡಕ ತೆಗೆದು ಒರೆಸಿದರು. "ಒಂದು ಕಡೆ ಕೂರದ, ಎಲ್ಲ ಮರೆಯೋ ಮಕ್ಕಳನ್ನ ನೋಡಿದೀನಿ. ಆದ್ರೆ ಅದು ಮಕ್ಕಳ ತೊಂದರೆ, ಮೀಸೆ ಬರೋ ಹೊತ್ತಿಗೆ ಹೋಗುತ್ತೆ ಅಂತ ನಮಗೆ ಪಾಠ ಆಗಿತ್ತು," ಎಂದರು. ನಾನು ಮೀಸೆ ಮುಟ್ಟಿ ನೋಡಿಕೊಂಡೆ. ಅವರೂ ಅದನ್ನೇ ನೋಡುತ್ತಿದ್ದರು. "ದೊಡ್ಡವರಲ್ಲಿ ಅದು ಉಳ್ಕೊಂಡಿರಬಹುದು, ಅದರ ಮೇಲೆ ಇದೂ ಬರಬಹುದು ಅಂತ ನಾನು ಯೋಚನೆ ಮಾಡಿರಲಿಲ್ಲ. ಎರಡೂ ಹೊರಗಿಂದ ಒಂದೇ ಥರಾ ಕಾಣುತ್ತೆ."

ಈ ಮಾತು ನಡೆಯುವಾಗ ಕೋಣೆಯ ಇನ್ನೊಂದು ಕಡೆ ಬೇರೆಯದೇ ನಡೆಯುತ್ತಿತ್ತು. ಬೆಲ್ಲದ ಉಂಡೆ ಮುಗಿದು, ಮುಂಜಾನೆ ಎದ್ದ ಸುಸ್ತು ಹಿಡಿದು, ಭದ್ರಿ ತೂಕದ ಯಂತ್ರದ ಮೇಲೆಯೇ ಕೂತು ತೂಕಡಿಸುತ್ತಿದ್ದಳು. ಅವಳು ಓಡುವಾಗ ಓಡುತ್ತಾಳೆ, ನಿಂತರೆ ಸುತ್ತು ಮುಗಿದ ಬುಗುರಿ. ಅವ್ವ ಅವಳನ್ನು ಎತ್ತಿಕೊಂಡಳು. ಸುತ್ತ ನೋಡಿದಳು. ಆಮೇಲೆ, ಆರು ವರ್ಷದ ಹಿಂದಿನ ಅದೇ ಕೈಗಳಿಂದ, ಮೆತ್ತಗೆ ತಂದು ಸೊಣ್ಣಪ್ಪನ ತೊಡೆಯ ಮೇಲೆ ಮಲಗಿಸಿದಳು.

ಸೊಣ್ಣಪ್ಪ ಏಳಲು ಹೊರಟಿದ್ದವನು ಹಾಗೇ ನಿಂತ. ಅಂದರೆ, ಹಾಗೇ ಕೂತ. ಭದ್ರಿ ಅವನ ಅಂಗಿಯ ಗುಂಡಿಯನ್ನು ಹಿಡಿದುಕೊಂಡು ನಿದ್ದೆ ಹೋದಳು.

"ನಡಿಯೇ ಈಸ್ವರಿ," ಎಂದ. ಪಿಸುಗುಟ್ಟಿದ ಎನ್ನಬೇಕು. "ನಡಿ ವರ್ತೂರ್ಗೆ. ಮೋಸ ಮಾಡವ್ರೆ ನಮ್ಗೆ."

ಪಿಸುಮಾತಿನಲ್ಲಿ ಸಂಬಂಧ ಕಡಿಯುವುದು ಕಷ್ಟ. ಕೊಡಲಿಗೆ ಸದ್ದು ಬೇಕು.

"ಬತ್ತೀನಪ್ಪ," ಎಂದು ಈಶ್ವರಮ್ಮನೂ ಪಿಸುಗುಟ್ಟಿದಳು. "ಹುಟ್ಟಿದಾಗಿಂದ ಇರೋದು ತಪ್ಪು ತಾನೇ? ಹಂಗಾದ್ರೆ ಮೊದ್ಲು ನಿನ್ ತೊಡೆ ಮೇಲಿರೋದನ್ನ ಎತ್ತಿ ಕೆಳಗಿಡು. ಅದೂ ಹುಟ್ಟಿದಾಗಿಂದ ಹಂಗೇನೇ. ಈಗ ತಾನೇ ಡಾಕ್ಟ್ರಿಗೆ ಹೇಳಿದ್ಯಲ್ಲ, ಎದೆ ಉಬ್ಬಿಸ್ಕೊಂಡು."

ಸೊಣ್ಣಪ್ಪ ಕೆಳಗೆ ನೋಡಿದ. ಭದ್ರಿಯ ಬಾಯಿ ತೆರೆದಿತ್ತು, ಕೆನ್ನೆಯಲ್ಲಿ ಬೆಲ್ಲ. ಗುಂಡಿಯನ್ನು ಬಿಡಿಸಲು ಒಂದು ಬೆರಳು ತಂದ, ಮತ್ತೆ ತೆಗೆದ.

"ನಿಂಗೆ ಯಾವಾಗಿಂದ ಗೊತ್ತೇ ಇದು?"

"ಬಂದ ಮಾರ್ನೇ ದಿನದಿಂದ. ನಾನೇನಾದ್ರೂ ಬಂದು ನಿನ್ ಹತ್ರ ಅತ್ತಿದ್ನಾ? ನಂಗೆ ಭಯ ಅಂದ್ರೆ ಆ ಇನ್ನೊಬ್ಬನದು, ನಿದ್ದೆ ಕೆಡಿಸೋನದು. ಅವನಿಗೆ ಮದ್ದು ಸಿಕ್ಕಿದೆ. ಇವ್ರು ಹಿಂಗೇ ಇರ್ಲಿ. ನಾನು ಮನೇಗ್ ಬಂದಿದ್ದು ಇವ್ರ ಹೆಂಡ್ತಿಯಾಗಿ, ತಣ್ಣೀರಿನ ಹೆಂಡ್ತಿಯಾಗಲ್ಲ."

ಸೊಣ್ಣಪ್ಪನ ಸಿಟ್ಟು ಮುಗಿದಿರಲಿಲ್ಲ, ಆದರೆ ಅಲ್ಲಾಡದೆ ಕೂತ ಮನುಷ್ಯನ ಸಿಟ್ಟು ಎಷ್ಟು ಹೊತ್ತು ಬಿಸಿಯಾಗಿರುತ್ತದೆ? ಡಾಕ್ಟರು ನನ್ನ ಚೀಟಿ ಬರೆಯುವವರೆಗೂ, ಈಶ್ವರಮ್ಮನಿಗೆ ಎಲ್ಲ ವಿವರಿಸುವವರೆಗೂ ಅವನು ಹಾಗೇ ಕೂತಿದ್ದ. ದೊಡ್ಡ ಗುಳಿಗೆಯನ್ನು ತಪ್ಪಿಸುವಂತಿಲ್ಲ, ರಕ್ತ ಪರೀಕ್ಷೆ ಆಗಾಗ ಆಗಬೇಕು ಎಂದರು ಡಾಕ್ಟರು. ಸಣ್ಣದನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿ ಬಿಡಿಸೋಣ. ಹುಟ್ಟಿದಾಗಿನದಕ್ಕೆ ದೊಡ್ಡವರಿಗೆ ಕೊಡುವ ಮದ್ದು ತಮ್ಮ ಹತ್ತಿರ ಇಲ್ಲ, ಹೆಸರೂ ಇಲ್ಲ ಎಂದು ಒಪ್ಪಿಕೊಂಡರು. "ಸೈಕಲ್ ಮರೆತು ಬಂದ್ರೆ ನನ್ನ ಹತ್ತಿರ ಬರಬೇಡಿ. ನಿದ್ದೆ ಬೇಡ ಅಂದ್ರೆ, ವಾರ ಬದಲಾಯಿಸಿದ್ರೆ, ಅವತ್ತೇ ಬನ್ನಿ," ಎಂದರು.

ಹೊರಡುವಾಗ ಸೊಣ್ಣಪ್ಪನ ಕಾಲು ಜೋಮು ಹಿಡಿದಿತ್ತು. ನಾನು ಕೈ ಕೊಟ್ಟೆ. ನನ್ನ ನಡುಗುವ ಕೈ, ಅವನ ಜೋಮು ಹಿಡಿದ ಕಾಲು. ಇಬ್ಬರೂ ಸೇರಿ ಬಾಗಿಲು ದಾಟಲು ಬಹಳ ಹೊತ್ತಾಯಿತು.

"ಎಂಗ್ ಕುಂತಿದ್ಯೋ ಅಳೀಮಯ್ಯ ಆವತ್ತು, ಅಷ್ಟೊತ್ತು?" ಎಂದ ಬೇವಿನ ಮರದ ಕೆಳಗೆ ನಿಂತು ಕಾಲು ಒದರುತ್ತಾ.

"ನರಕ, ಮಾವ," ಎಂದೆ.

ಅವನು ವರ್ತೂರಿಗೆ ಒಬ್ಬನೇ ಹೋದ. ಹುರುಳಿಕಾಯಿ ನಮ್ಮ ಮನೆಗೆ ಬಂತು. ಅವ್ವನ ಜೊತೆ ಮಾತು ಬಿಟ್ಟಿದ್ದ. ಮುಂದಿನ ಸಲ ತರಕಾರಿ ತಂದರೆ ನಿನ್ನ ಕೈಗೇ ಕೊಡುತ್ತೇನೆ, ಬೀಗಿತಿಯ ಕೈಗಲ್ಲ ಎಂದು ಮಗಳಿಗೆ ಹೇಳಿ ಹೋದ. ಅವ್ವನೂ ಅದನ್ನು ಬೇಯಿಸುವುದಿಲ್ಲ ಎಂದಳು. ತಿಂದಳು.

ಕೈಯ ನಡುಕ ನಿಲ್ಲಲು ಮಳೆಗಾಲ ಮುಗಿಯಬೇಕಾಯಿತು. ಪೂರ್ತಿ ನಿಲ್ಲಲಿಲ್ಲ, ಉಪ್ಪಿನದೇ ಒಂದು ಸಣ್ಣ ಕಂಪನ ಉಳಿದಿದೆ. ದಾಸಪ್ಪ ಮತ್ತೆ ಉಕ್ಕಿನ ತುಂಡು ತಂದ. ಈ ಸಲ ಟಿಕಟಿಕ ಸದ್ದು ಬರಲಿಲ್ಲ. "ಬಾ ನಾಳೆಯಿಂದ," ಎಂದ. ಹೋದೆ. ಸೈರನ್ನಿನ ಸ್ವಿಚ್ಚಿಗೆ ಕಬ್ಬಿಣದ ಡಬ್ಬಿ ಮಾಡಿಸಿ ಬೀಗ ಹಾಕಿದ್ದರು. ನನ್ನನ್ನು ಕಂಡು ಪಕ್ಕದ ಶೆಡ್ಡಿನ ಹುಡುಗರು, "ಬೈರಣ್ಣ, ಇವತ್ತು ಯಾವ ಹಬ್ಬ ಮಾಡ್ತೀಯಾ? ಶುಕ್ರವಾರ ಒಂಚೂರು ನೋಡು ಗುರು, ಪಿಕ್ಚರ್ ಇದೆ!" ಎಂದು ಕೂಗಿದರು. ಲೇತಿಗೆ ಸರಳು ಕಚ್ಚಿಸಿ ಚಾಲೂ ಮಾಡಿದೆ. ಸಿಪ್ಪೆ ಸುರುಳಿಯಾಗಿ ಎದ್ದಿತು, ನೀಲಿ ಬಣ್ಣಕ್ಕೆ ತಿರುಗಿತು, ಕಳಚಿ ಬಿತ್ತು. ಆಮೇಲೆ ಏನೂ ಕೇಳಿಸಲಿಲ್ಲ. ಊಟದ ಸೈರನ್ ಆದದ್ದು ದಾಸಪ್ಪ ಬೆನ್ನಿಗೆ ಗುದ್ದಿದಾಗಲೇ ತಿಳಿದದ್ದು.

ಸಂಜೆ ಮನೆಗೆ ಬಂದಾಗ ಈಶ್ವರಮ್ಮ ಬಾಗಿಲಲ್ಲಿ ನಿಂತಿದ್ದಳು. ಬೆಳಿಗ್ಗೆಯಿಂದ ಅಲ್ಲೇ ನಿಂತಿದ್ದಳೋ ಏನೋ, ಕೇಳಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಹಿಂದೆ ನೋಡಿದಳು, ಅಕ್ಕಪಕ್ಕ ನೋಡಿದಳು.

"ಸೈಕಲ್ ಎಲ್ಲಿ?"

ನಾನೂ ಹಿಂದೆ ತಿರುಗಿ ನೋಡಿದೆ. ಸೈಕಲ್ ಇರಲಿಲ್ಲ. ಕಾರ್ಖಾನೆಯ ಗೇಟಿನ ಬಳಿ ನಿಲ್ಲಿಸಿದ್ದು ನೆನಪಾಯಿತು. ನಡೆದೇ ಬಂದಿದ್ದೆ.

ಅವಳ ಮುಖ ಇನ್ನೂ ಸಡಿಲವಾಗಿರಲಿಲ್ಲ. "ಇವತ್ತು ಯಾವ ವಾರ?"

"ಬುಧವಾರ."

"ನಾಳೆ?"

"ಗುರುವಾರ. ಇನ್ಯಾವುದಿರುತ್ತೆ?"

"ಸರಿ," ಎಂದಳು. "ಆ ಸೈಕಲ್ ಅಲ್ಲೇ ಬಿದ್ದಿರ್ಲಿ. ಬನ್ನಿ ಉಣ್ಣೋಕೆ."

ಒಳಗೆಲ್ಲೋ ನೀರು ಸುರಿಯುವ ಸದ್ದು ಕೇಳುತ್ತಿತ್ತು. ಭದ್ರಿ ನಲ್ಲಿ ತಿರುಗಿಸಿ ಬಿಟ್ಟು ಎಲ್ಲಿಗೋ ಹೋಗಿದ್ದಳು.